ಬೆಳ್ಳಗಿರುವುದೆಲ್ಲ ಹಾಲಲ್ಲ: ಕಾರಿನ ದೀಪದ ಬಣ್ಣವೂ ನಮ್ಮ ಕಣ್ಣೂ



ರಾಜ್ಯೋತ್ಸವದ ಈ ಸಂಜೆ ನಾಡುನುಡಿಗಳ ಕುರಿತು ನಮಗಿಂತ ಚೆನ್ನಾಗಿ ಮಾತನಾಡಬಲ್ಲವರು ಈ ಸಭೆಯಲ್ಲಿ ಅನೇಕರಿದ್ದಾರೆ. ವೈದ್ಯರಾದ ನಮ್ಮನ್ನು ಸಮಿತಿಯವರು 'ಆರೋಗ್ಯದ ಬಗ್ಗೆ ನಾಲ್ಕು ಮಾತು ಹೇಳಿ' ಎಂದು ಕೇಳಿದಾಗ, ರಕ್ತದೊತ್ತಡ, ಮಧುಮೇಹ, ಕೊಲೆಸ್ಟರಾಲ್ ಎಂಬ ತ್ರಿಮೂರ್ತಿಗಳನ್ನೇ ಮತ್ತೊಮ್ಮೆ ಸ್ತುತಿಸುವುದು ಬೇಡವೆಂದು ಬೇರೊಂದು ವಿಷಯವನ್ನು ಆರಿಸಿಕೊಂಡೆವು. ಈ ಕಾರ್ಯಕ್ರಮ ಮುಗಿದ ಮೇಲೆ ತಾವೆಲ್ಲರೂ ಮನೆಗೆ ಹಿಂದಿರುಗುವುದು ಕತ್ತಲೆಯಲ್ಲಿ. ನವೆಂಬರಿನ ಮೊದಲ ಭಾನುವಾರ ಗಡಿಯಾರವು ಒಂದು ಗಂಟೆ ಹಿಂದೆ ಸರಿಯಿತೆಂದರೆ ಮಿಶಿಗನ್ನಿನಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯನು ಮುಳುಗಿರುತ್ತಾನೆ. ಜಿಂಕೆಗಳು ರಸ್ತೆ ದಾಟುವ ಕಾಲವೂ ಇದೇ. ಗಂಟೆಗೆ 60 ಮೈಲಿ ವೇಗದಲ್ಲಿ ಕಾರು ಸೆಕೆಂಡಿಗೆ 88 ಅಡಿ ಮುಂದೆ ಹೋಗುತ್ತದೆ. ಜಿಂಕೆಯನ್ನು ಕಂಡು, ಅದು ಜಿಂಕೆಯೆಂದು ತಿಳಿದು, ಕಾಲು ಬ್ರೇಕಿನ ಮೇಲೆ ಬೀಳಲು ಒಂದೂವರೆ ಸೆಕೆಂಡು ಹಿಡಿದರೂ ಅಷ್ಟರಲ್ಲಿ 132 ಅಡಿ ಕಳೆದಿರುತ್ತದೆ. ಆದಕಾರಣ ನಮ್ಮ ದೀಪವು ಎಷ್ಟು ದೂರ ತೋರಿಸುತ್ತದೆ ಎಂಬುದು ಆರೋಗ್ಯದ ಪ್ರಶ್ನೆಯೇ ಸರಿ.

ಹೆಡ್‌ಲೈಟಿನ ಬಲ್ಬು ಕೊಳ್ಳಲು ಅಂಗಡಿಗೆ ಹೋದವರು ಪೊಟ್ಟಣದ ಮೇಲೆ 3200, 4300, 5000, 6000, ಕೆಲವೆಡೆ 8000 ಎಂಬ ಅಂಕಿಗಳನ್ನು ಕಂಡಿರುತ್ತೀರಿ. ಮುಂದೆ 'ಕೆಲ್ವಿನ್' ಎಂಬ ಪದವಿರುತ್ತದೆ. ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದವನೇ ಜಾಣನೆಂದು ಮಕ್ಕಳನ್ನು ಬೆಳೆಸಿದ ನಮ್ಮ ಜನಕ್ಕೆ ದೊಡ್ಡ ಅಂಕಿಯೇ ಹೆಚ್ಚಿನ ಬೆಳಕೆಂದು ತೋರುವುದು ಸಹಜ. ಆದರೆ ಈ ಅಂಕಿಯು ಬೆಳಕಿನ ಪ್ರಮಾಣವನ್ನು ಹೇಳುವುದಿಲ್ಲ. ಬೆಳಕಿನ ಬಣ್ಣವನ್ನು ಮಾತ್ರ ಹೇಳುತ್ತದೆ. ಇಷ್ಟು ತಿಳಿದರೆ ಈ ಭಾಷಣದ ಅರ್ಧ ಮುಗಿದಂತೆಯೇ.

ಕಮ್ಮಾರನ ಕುಲುಮೆಯನ್ನು ನೆನೆಸಿಕೊಳ್ಳಿ. ಕಬ್ಬಿಣವು ಕಾಯತೊಡಗಿದಾಗ ಮೊದಲು ಕೆಂಪಗೆ, ಬಳಿಕ ಹಳದಿಯಾಗಿ, ಇನ್ನೂ ಕಾದರೆ ಬೆಳ್ಳಗೆ ಹೊಳೆಯುತ್ತದೆ. ಕಾದ ವಸ್ತುವಿನ ಉಷ್ಣತೆಗೂ ಅದು ಬೀರುವ ಬೆಳಕಿನ ಬಣ್ಣಕ್ಕೂ ನಿಶ್ಚಿತವಾದ ಸಂಬಂಧವಿದೆ. ಹತ್ತೊಂಬತ್ತನೆಯ ಶತಮಾನದ ಭೌತವಿಜ್ಞಾನಿ ಲಾರ್ಡ್ ಕೆಲ್ವಿನ್ನರ ಹೆಸರಿನ ಮಾನದಲ್ಲಿ ಇದನ್ನು ಅಳೆಯುತ್ತಾರೆ. ಇದನ್ನು 'ವರ್ಣತಾಪ' ಎಂದು ಕರೆಯೋಣ. ಮೇಣದ ಬತ್ತಿಯ ವರ್ಣತಾಪ ಸುಮಾರು 1900 ಕೆಲ್ವಿನ್. ಕಾರಿನ ಸಾಧಾರಣ ಹ್ಯಾಲೊಜೆನ್ ಬಲ್ಬಿನದು ಸುಮಾರು 3200. ಕ್ಸೆನಾನ್ ದೀಪದ್ದು 4300ರ ಆಸುಪಾಸು. ನಡುಹಗಲಿನ ಬಿಸಿಲಿನದು ಸುಮಾರು 5500. ಅಂಕಿ ಏರಿದಂತೆ ಬೆಳಕು ಹಳದಿಯಿಂದ ಬಿಳಿಗೆ, ಬಿಳಿಯಿಂದ ನೀಲಿಗೆ ಜಾರುತ್ತದೆ. ಬೆಳಕಿನ ಪ್ರಮಾಣವನ್ನು ಅಳೆಯುವ ಮಾನ ಬೇರೆ, ಅದು ಲ್ಯೂಮೆನ್. 55 ವ್ಯಾಟಿನ ಎಚ್7 ಹ್ಯಾಲೊಜೆನ್ ಬಲ್ಬು ಸುಮಾರು 1500 ಲ್ಯೂಮೆನ್ ಕೊಟ್ಟರೆ, 35 ವ್ಯಾಟಿನ ಡಿ2ಎಸ್ ಕ್ಸೆನಾನ್ ದೀಪವು ಸುಮಾರು 3200 ಲ್ಯೂಮೆನ್ ಕೊಡುತ್ತದೆ. ಎರಡನೆಯದು ಹೆಚ್ಚು ಬೆಳಗುವುದು ಬೆಳ್ಳಗಿರುವ ಕಾರಣದಿಂದಲ್ಲ. ಅದರೊಳಗಿನಿಂದ ಹೊರಡುವ ಬೆಳಕೇ ಹೆಚ್ಚು.

ಇಲ್ಲಿಯೇ ವ್ಯಾಪಾರದ ಒಂದು ಚಮತ್ಕಾರವಿದೆ. ಹ್ಯಾಲೊಜೆನ್ ಬಲ್ಬಿನೊಳಗೆ ಉರಿಯುವುದು ಟಂಗ್‌ಸ್ಟನ್ ತಂತಿ. ಟಂಗ್‌ಸ್ಟನ್ ಕರಗುವುದು ಸುಮಾರು 3695 ಕೆಲ್ವಿನ್ನಿನಲ್ಲಿ. ಹಾಗಿರುವಾಗ ಹ್ಯಾಲೊಜೆನ್ ಪೊಟ್ಟಣದ ಮೇಲೆ 5000 ಕೆಲ್ವಿನ್ ಎಂದು ಹೇಗೆ ಬರೆದರು? ತಂತಿಯು ಆ ಉಷ್ಣತೆಗೆ ಏರುವ ಮೊದಲೇ ಕರಗಿ ನೀರಾಗಬೇಕಷ್ಟೆ! ಗುಟ್ಟು ಇಷ್ಟೇ: ಗಾಜಿಗೆ ನೀಲಿ ಲೇಪ ಬಳಿದಿರುತ್ತಾರೆ. ಆ ಲೇಪವು ಹೊಸ ನೀಲಿ ಬೆಳಕನ್ನು ಸೃಷ್ಟಿಸುವುದಿಲ್ಲ. ಇದ್ದ ಕೆಂಪು, ಹಳದಿ ಬೆಳಕಿನ ಒಂದು ಪಾಲನ್ನು ನುಂಗಿಬಿಡುತ್ತದೆ. ಆ ನಷ್ಟವನ್ನು ತುಂಬಲು ತಂತಿಯನ್ನು ಇನ್ನಷ್ಟು ಬಿಸಿಯಾಗಿ ಉರಿಸಿದರೆ ಬಲ್ಬಿನ ಆಯುಷ್ಯ ಕುಗ್ಗುತ್ತದೆ. ಹಣ ಹೆಚ್ಚು, ಬಾಳಿಕೆ ಕಡಿಮೆ, ರಸ್ತೆಗೆ ಬೀಳುವ ಬೆಳಕೂ ಕಡಿಮೆ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ನಮ್ಮ ಹಿರಿಯರು ಹೇಳಿದ್ದು ಹ್ಯಾಲೊಜೆನ್ ಬಲ್ಬಿಗೂ ಒಪ್ಪುತ್ತದೆ.

'ಆದರೂ ಡಾಕ್ಟರೇ, ಬಿಳಿ ದೀಪ ಹಾಕಿದ ಮೇಲೆ ರಸ್ತೆ ಹೆಚ್ಚು ಬೆಳಗಿದಂತೆ ಕಾಣುತ್ತದಲ್ಲ?' ಎಂದು ಅನೇಕರು ಕೇಳುತ್ತಾರೆ. ಈ ಪ್ರಶ್ನೆಯನ್ನು ತಳ್ಳಿಹಾಕುವಂತಿಲ್ಲ. ಉತ್ತರವು ಕಣ್ಣಿನೊಳಗಿದೆ.

ನಮ್ಮ ಅಕ್ಷಿಪಟಲದಲ್ಲಿ ಎರಡು ಬಗೆಯ ಬೆಳಕಿನ ಕೋಶಗಳಿವೆ. ಸುಮಾರು 60 ಲಕ್ಷ ಶಂಕುಕೋಶಗಳು ಹಗಲಿನ ಕೆಲಸಗಾರರು. ಬಣ್ಣವನ್ನೂ ಸೂಕ್ಷ್ಮ ವಿವರವನ್ನೂ ಕಾಣಿಸುವುವು ಇವೇ. ಸುಮಾರು 12 ಕೋಟಿ ದಂಡಕೋಶಗಳು ರಾತ್ರಿಯ ಕಾವಲುಗಾರರು. ಮಬ್ಬಿನಲ್ಲಿ ಆಕಾರವನ್ನೂ ಚಲನೆಯನ್ನೂ ಗುರುತಿಸುತ್ತವೆ. ಶಂಕುಕೋಶಗಳಿಗೆ ಹಳದಿ ಹಸಿರು ಬೆಳಕು ಅತ್ಯಂತ ಪ್ರಿಯವಾದರೆ ದಂಡಕೋಶಗಳು ನೀಲಿ ಹಸಿರಿನ ಕಡೆಗೆ ವಾಲಿವೆ. ಮುಸ್ಸಂಜೆಯಲ್ಲಿ ತೋಟದ ಕೆಂಪು ದಾಸವಾಳ ಕಪ್ಪಾಗುತ್ತಿರುವಾಗ ನೀಲಿ ಶಂಖಪುಷ್ಪ ಇನ್ನೂ ಹೊಳೆಯುತ್ತಿರುವಂತೆ ಕಾಣುವುದು ಇದೇ ಕಾರಣದಿಂದ. ಹತ್ತೊಂಬತ್ತನೆಯ ಶತಮಾನದಲ್ಲಿ ಪುರ್ಕಿನ್ಯೆ ಎಂಬ ಶರೀರಶಾಸ್ತ್ರಜ್ಞನು ಇದನ್ನು ವಿವರಿಸಿದನು. ಆದ್ದರಿಂದ ಮಬ್ಬುಗತ್ತಲೆಯಲ್ಲಿ ಸ್ವಲ್ಪ ಬಿಳುಪಾದ ಬೆಳಕು ರಸ್ತೆಯಂಚಿನ ಚಲನೆಯನ್ನು ಕಾಣಲು ಕೊಂಚ ನೆರವಾದೀತು ಎಂಬ ವಾದದಲ್ಲಿ ಹುರುಳಿಲ್ಲದೆ ಇಲ್ಲ.

ಆದರೆ ಆ ವಾದಕ್ಕೆ ಮಿತಿಗಳಿವೆ. ಒಂದು, ನಾವು ನೇರವಾಗಿ ದಿಟ್ಟಿಸುವ ಬಿಂದುವಿನಲ್ಲಿ, ಅಂದರೆ ಅಕ್ಷಿಪಟಲದ ನಟ್ಟನಡುವೆ, ದಂಡಕೋಶಗಳೇ ಇಲ್ಲ. ಮುಂದೆ ದೂರದಲ್ಲಿ ನಿಂತಿರುವುದು ಮನುಷ್ಯನೋ ಮರವೋ ಎಂದು ತಿಳಿಯಲು ಶಂಕುಕೋಶಗಳನ್ನೇ ನಂಬಬೇಕು. ಎರಡು, ಬಿಳಿನೀಲಿ ದೀಪವು ಕಾರಿನ ಮುಂದಿನ ಹತ್ತಿಪ್ಪತ್ತು ಅಡಿಯನ್ನು ಥಳಥಳಿಸುವಂತೆ ಮಾಡಿ 'ಚೆನ್ನಾಗಿ ಕಾಣುತ್ತಿದೆ' ಎಂಬ ಭಾವನೆಯನ್ನು ಹುಟ್ಟಿಸುತ್ತದೆ. ನಮ್ಮನ್ನು ಉಳಿಸಬೇಕಾದುದು ಹತ್ತಿರದ ಥಳಕಲ್ಲ, ದೂರದ ಬೆಳಕು. ಮೂರನೆಯದು ವಯಸ್ಸು, ನಮ್ಮ ಸಮುದಾಯಕ್ಕೆ ಅತಿ ಮುಖ್ಯವಾದ ಮಾತು ಇದೇ.

ಕಣ್ಣಿನ ಮಸೂರವು ಹುಟ್ಟಿದಾಗ ನೀರಿನಂತೆ ನಿರ್ಮಲವಾಗಿರುತ್ತದೆ. ವರ್ಷಗಳು ಕಳೆದಂತೆ ಅದು ನಿಧಾನವಾಗಿ ಹಳದಿಗಟ್ಟುತ್ತದೆ. ಪಾಪೆಯೂ ಕತ್ತಲಲ್ಲಿ ಮೊದಲಿನಷ್ಟು ಅರಳುವುದಿಲ್ಲ. ಅರವತ್ತು ವರ್ಷದವರ ಅಕ್ಷಿಪಟಲಕ್ಕೆ ತಲುಪುವ ಬೆಳಕು ಇಪ್ಪತ್ತರ ತರುಣರಿಗೆ ತಲುಪುವುದರ ಸುಮಾರು ಮೂರನೆಯ ಒಂದು ಪಾಲು ಮಾತ್ರ. ಹಳದಿಗಟ್ಟಿದ ಮಸೂರವು ತಡೆಯುವುದು ಮುಖ್ಯವಾಗಿ ನೀಲಿಯನ್ನೇ. ಹೀಗಾಗಿ ನಮ್ಮಂತಹ ಐವತ್ತು ದಾಟಿದವರು ನೀಲಿ ಬೆಳಕಿಗಾಗಿ ಹೆಚ್ಚು ಹಣ ಕೊಟ್ಟು, ಆ ನೀಲಿಯನ್ನು ನಮ್ಮದೇ ಕಣ್ಣಿನ ಬಾಗಿಲಲ್ಲಿ ತಡೆದು ನಿಲ್ಲಿಸುತ್ತಿರುತ್ತೇವೆ. ಮಸೂರದಲ್ಲಿ ಪೊರೆ ಕಟ್ಟತೊಡಗಿದ್ದರೆ ಎದುರಿನಿಂದ ಬರುವ ಬೆಳಕು ಕಣ್ಣಿನೊಳಗೆ ಚೆದುರಿ, ಇಡೀ ನೋಟದ ಮೇಲೆ ಬಿಳಿಯ ತೆರೆಯೊಂದನ್ನು ಎಳೆದಂತಾಗುತ್ತದೆ. ಪ್ರಮಾಣ ಒಂದೇ ಆಗಿದ್ದರೂ ನೀಲಿ ಛಾಯೆಯ ಬೆಳಕು ಹಳದಿ ಛಾಯೆಯ ಬೆಳಕಿಗಿಂತ ಹೆಚ್ಚು ಕಣ್ಣು ಕುಕ್ಕುತ್ತದೆ ಎಂಬುದೂ ಪರೀಕ್ಷೆಗಳಲ್ಲಿ ಕಂಡುಬಂದಿದೆ.

ನಾವು ಮೈಸೂರಿನಲ್ಲಿ ಎಂ.ಬಿ.ಬಿ.ಎಸ್. ಓದುತ್ತಿದ್ದಾಗ ಹಳ್ಳಿಯ ಶಿಬಿರಗಳಲ್ಲಿ ಮಕ್ಕಳ ಇರುಳುಗಣ್ಣನ್ನು ಹುಡುಕುವುದು ಪಾಠದ ಒಂದು ಭಾಗವಾಗಿತ್ತು. 'ಮಗು ಸಂಜೆಯಾದ ಮೇಲೆ ತಡವರಿಸುತ್ತದೆಯೇ ತಾಯಿ?' ಎಂದು ಕೇಳುವುದೇ ಮೊದಲ ಪ್ರಶ್ನೆ. ದಂಡಕೋಶಗಳಿಗೆ ಬೇಕಾದ ಎ ಜೀವಸತ್ವದ ಕೊರತೆ ಅದರ ಮೂಲ. ಈ ದೇಶಕ್ಕೆ ಬಂದು ರೆಸಿಡೆನ್ಸಿ ಮುಗಿಸಿ ರೋಗಿಗಳನ್ನು ನೋಡತೊಡಗಿದ ಮೇಲೆ ಅದೇ ಪ್ರಶ್ನೆಯನ್ನು ನಮ್ಮ ಕನ್ನಡಿಗ ಹಿರಿಯರಿಗೂ ಕೇಳಬೇಕಾಗಿ ಬಂದಿದೆ. ಇಲ್ಲಿ ಕೊರತೆಯದು ಎ ಜೀವಸತ್ವವಲ್ಲ, ಒಪ್ಪಿಕೊಳ್ಳುವ ಮನಸ್ಸು.

ಹಿರಿಯರೊಬ್ಬರ ಸಂಗತಿಯನ್ನು ಗುರುತು ಸಿಗದಂತೆ ಹೇಳುತ್ತೇವೆ. ವಯಸ್ಸು ಎಪ್ಪತ್ತರ ಹತ್ತಿರ. ರಕ್ತದೊತ್ತಡದ ಮಾತ್ರೆಗಾಗಿ ಬಂದವರು ಮಾತಿನ ನಡುವೆ, 'ಡಾಕ್ಟರೇ, ಈಗಿನ ಬಲ್ಬುಗಳಲ್ಲಿ ಸತ್ವವೇ ಇಲ್ಲ. ಎರಡು ಸಲ ಬದಲಾಯಿಸಿದೆ, ಇನ್ನೂ ಬಿಳಿಯದು ತರಿಸಬೇಕೆಂದಿದ್ದೇನೆ' ಎಂದರು. ಪಕ್ಕದಲ್ಲಿದ್ದ ಅವರ ಮನೆಯವರು, 'ಇವರು ರಾತ್ರಿ ಓಡಿಸಿದರೆ ನಾನು ಕೂರುವುದಿಲ್ಲ ಅಂತ ಹೇಳಿಬಿಟ್ಟಿದ್ದೇನೆ. ಅದಕ್ಕೇ ಈಚೆಗೆ ಎಲ್ಲಿಗೂ ಹೋಗುತ್ತಿಲ್ಲ' ಎಂದರು. ನೇತ್ರತಜ್ಞರಲ್ಲಿಗೆ ಕಳಿಸಿದಾಗ ಎರಡೂ ಕಣ್ಣಿನಲ್ಲಿ ಪೊರೆ. ಶಸ್ತ್ರಚಿಕಿತ್ಸೆಯಾಗಿ ಕೆಲವು ತಿಂಗಳ ನಂತರ ಬಂದವರು ನಗುತ್ತಾ, 'ಹಳೆಯ ಬಲ್ಬೇ ಸಾಕಾಯಿತು ಡಾಕ್ಟರೇ' ಎಂದರು. ಅವರು ಬಲ್ಬಿನ ಅಂಗಡಿಯಲ್ಲಿ ಹುಡುಕುತ್ತಿದ್ದ ಔಷಧ ಅಲ್ಲಿ ಸಿಗುವಂತಹುದಾಗಿರಲಿಲ್ಲ.

ಆದ್ದರಿಂದ ನಮ್ಮ ಮೊದಲ ಸಲಹೆ: ರಾತ್ರಿ ರಸ್ತೆ ಮಸುಕಾಗಿ ಕಾಣುತ್ತಿದ್ದರೆ ಬಲ್ಬಿಗಿಂತ ಮುಂಚೆ ಕಣ್ಣನ್ನು ಪರೀಕ್ಷಿಸಿಕೊಳ್ಳಿ. ಮಧುಮೇಹ ನಮ್ಮವರಲ್ಲಿ ಹೆಚ್ಚು. ಅದು ಅಕ್ಷಿಪಟಲವನ್ನು ತಟ್ಟಿದರೆ ಕತ್ತಲೆಗೆ ಹೊಂದಿಕೊಳ್ಳುವ ಶಕ್ತಿ ಕುಂದುತ್ತದೆ. ಕನ್ನಡಕದ ನಂಬರಿನ ಸಣ್ಣ ವ್ಯತ್ಯಾಸವೂ ಹಗಲಿಗಿಂತ ರಾತ್ರಿಯಲ್ಲಿ ಹೆಚ್ಚು ಬಾಧಿಸುತ್ತದೆ. ರಾತ್ರಿ ಚಾಲನೆಗೆಂದು ಮಾರುವ ಹಳದಿ ಕನ್ನಡಕವನ್ನು ಮಾತ್ರ ಕೊಳ್ಳಬೇಡಿ. ಅದನ್ನು ಧರಿಸಿದರೆ ಪಾದಚಾರಿಗಳು ಹೆಚ್ಚು ಚೆನ್ನಾಗಿ ಕಾಣುವುದಿಲ್ಲವೆಂದು 2019ರಲ್ಲಿ 'ಜಾಮಾ ಆಫ್ತಾಲ್ಮಾಲಜಿ' ಪತ್ರಿಕೆಯಲ್ಲಿ ಪ್ರಕಟವಾದ ಅಧ್ಯಯನವೊಂದು ತೋರಿಸಿದೆ. ಮೊದಲೇ ಕಡಿಮೆಯಾದ ಬೆಳಕಿಗೆ ಇನ್ನೊಂದು ಜರಡಿ ಹಿಡಿದಂತಾಗುತ್ತದೆ, ಅಷ್ಟೇ.

ಎರಡನೆಯ ಸಲಹೆ ಕಾರಿನ ಕಣ್ಣಿಗೆ ಸಂಬಂಧಿಸಿದ್ದು. ನಮ್ಮ ಮಸೂರದಂತೆಯೇ ಹೆಡ್‌ಲೈಟಿನ ಮುಂದಿನ ಪ್ಲಾಸ್ಟಿಕ್ ಹೊದಿಕೆಯೂ ಬಿಸಿಲಿಗೆ ಹಳದಿಗಟ್ಟಿ ಮಂಕಾಗುತ್ತದೆ. ಅಮೆರಿಕದ ಮೋಟಾರು ಸಂಘವಾದ ಎ.ಎ.ಎ. 2018ರಲ್ಲಿ ನಡೆಸಿದ ಪರೀಕ್ಷೆಯಲ್ಲಿ, ಹೀಗೆ ಮಂಕಾದ ದೀಪಗಳು ಹೊಸದರ ನೂರಕ್ಕೆ ಇಪ್ಪತ್ತರಷ್ಟು ಬೆಳಕನ್ನು ಮಾತ್ರ ಕೊಡಬಹುದೆಂದು ಕಂಡುಬಂತು. ಅದನ್ನು ಉಜ್ಜಿ ಹೊಳಪಿಸುವ ಸಾಮಗ್ರಿ ಅಂಗಡಿಯಲ್ಲಿ ಸಿಗುತ್ತದೆ. ತೀರ ಹಾಳಾಗಿದ್ದರೆ ಹೊದಿಕೆಯನ್ನೇ ಬದಲಾಯಿಸುವುದು ಲೇಸು. ಮುಂಗಾಜಿನ ಒಳಬದಿಯನ್ನೂ ಒರೆಸಿಕೊಳ್ಳಿ. ಅಲ್ಲಿ ಕುಳಿತ ಜಿಡ್ಡಿನ ಪದರವು ಎದುರಿನ ದೀಪಗಳನ್ನು ಹೂವಿನಂತೆ ಅರಳಿಸಿಬಿಡುತ್ತದೆ. ಬಳಿಕ ದೀಪದ ಗುರಿಯನ್ನು ನೋಡಿ. ಸಮತಟ್ಟಾದ ನೆಲದಲ್ಲಿ ಗೋಡೆಯಿಂದ 25 ಅಡಿ ದೂರ ಕಾರು ನಿಲ್ಲಿಸಿದಾಗ ಲೋ ಬೀಮಿನ ಮೇಲಂಚು ದೀಪದ ಎತ್ತರಕ್ಕಿಂತ ತುಸು ಕೆಳಗಿರಬೇಕು. ಎಷ್ಟೆಂಬುದನ್ನು ಕಾರಿನ ಕೈಪಿಡಿ ಹೇಳುತ್ತದೆ. ವಿದ್ಯುತ್ತಿನ ಸಂಪರ್ಕಗಳನ್ನೂ ಪರೀಕ್ಷಿಸಿ: ಹ್ಯಾಲೊಜೆನ್ ಬಲ್ಬಿಗೆ ತಲುಪುವ ವೋಲ್ಟೇಜು ನೂರಕ್ಕೆ ಐದು ಇಳಿದರೆ ಬೆಳಕು ನೂರಕ್ಕೆ ಸುಮಾರು ಹದಿನೈದು ಇಳಿಯುತ್ತದೆ.

ಇಷ್ಟೆಲ್ಲ ಆದ ಮೇಲೆ ಬಲ್ಬಿನ ಆಯ್ಕೆ. ತಮ್ಮ ಕಾರಿನಲ್ಲಿರುವುದು ಹ್ಯಾಲೊಜೆನ್ ಆದರೆ ಕೈಪಿಡಿ ಹೇಳುವ ಮಾದರಿಯದೇ, ನೀಲಿ ಲೇಪವಿಲ್ಲದ ಸ್ವಚ್ಛ ಗಾಜಿನ ಬಲ್ಬು ಸಾಕು. ವರ್ಣತಾಪ 3200ರ ಸುತ್ತ ಇದ್ದೀತು. ಎರಡೂ ಬದಿಯದನ್ನು ಒಟ್ಟಿಗೆ ಬದಲಾಯಿಸಿ, ಗಾಜನ್ನು ಬೆರಳಿನಿಂದ ಮುಟ್ಟಬೇಡಿ. ಕ್ಸೆನಾನ್ ಆದರೆ 4300 ಕೆಲ್ವಿನ್ನಿನದನ್ನೇ ಕೊಳ್ಳಿ. 6000, 8000 ಎಂದು ಏರಿದಂತೆ ಬೆಳಕು ಇಳಿಯುತ್ತದೆ. ಕಾರ್ಖಾನೆಯಿಂದಲೇ ಎಲ್.ಇ.ಡಿ. ದೀಪ ಬಂದಿದ್ದರೆ ಬಣ್ಣದ ಆಯ್ಕೆ ನಮ್ಮ ಕೈಯಲ್ಲಿಲ್ಲ. ಅಲ್ಲಿ ದೀಪವನ್ನೂ ಪ್ರತಿಫಲಕವನ್ನೂ ಒಂದಕ್ಕೊಂದು ಹೊಂದುವಂತೆ ರಚಿಸಿರುತ್ತಾರೆ. ಆದರೆ ಹ್ಯಾಲೊಜೆನ್ನಿಗೆಂದು ಮಾಡಿದ ಗೂಡಿಗೆ ಎಲ್.ಇ.ಡಿ. ಬಲ್ಬನ್ನು ತುರುಕುವುದು ಬೇಡ. ಆ ಗೂಡಿನ ಪ್ರತಿಫಲಕವು ತೆಳುವಾದ ತಂತಿಯೊಂದರ ನಿಖರ ಸ್ಥಾನವನ್ನು ನಂಬಿಕೊಂಡಿದೆ. ಬೆಳಕಿನ ಮೂಲ ಆಚೀಚೆಯಾದರೆ ಕಿರಣಗಳು ರಸ್ತೆಯನ್ನು ಬಿಟ್ಟು ಎದುರಿನವರ ಕಣ್ಣಿಗೆ ಹೋಗುತ್ತವೆ. ಇದು ಅಮೆರಿಕದ ಫೆಡರಲ್ ಸುರಕ್ಷತಾ ನಿಯಮ 108ಕ್ಕೂ ಒಪ್ಪುವುದಿಲ್ಲ. ಇನ್ನೊಂದು ಮಾತು: ಎಲ್.ಇ.ಡಿ. ದೀಪದ ಮುಖವು ಹ್ಯಾಲೊಜೆನ್ನಿನಷ್ಟು ಬಿಸಿಯಾಗದ ಕಾರಣ ಅದರ ಮೇಲೆ ಕುಳಿತ ಹಿಮ ಕರಗುವುದಿಲ್ಲ. ಚಳಿಗಾಲದಲ್ಲಿ ಹೊರಡುವ ಮುನ್ನ ಕೈಯಿಂದಲೇ ಒರೆಸಬೇಕು.

ಹೊಸ ಕಾರು ಕೊಳ್ಳುವವರು ಬಣ್ಣವನ್ನು ನೋಡದೆ ಬೆಳಕು ಹೇಗೆ ಹರಡುತ್ತದೆ ಎಂಬುದನ್ನು ನೋಡಲಿ. ವಿಮಾ ಸಂಸ್ಥೆಗಳ ಸುರಕ್ಷತಾ ಪ್ರತಿಷ್ಠಾನವಾದ ಐ.ಐ.ಎಚ್.ಎಸ್. 2016ರಲ್ಲಿ ಮೊದಲ ಬಾರಿಗೆ 31 ಮಧ್ಯಮ ಗಾತ್ರದ ಕಾರುಗಳ ಹೆಡ್‌ಲೈಟುಗಳನ್ನು ಪರೀಕ್ಷಿಸಿದಾಗ 'ಉತ್ತಮ' ದರ್ಜೆ ಪಡೆದುದು ಒಂದೇ ಒಂದು. ಆ ದರ್ಜೆಗಳನ್ನು ಯಾರು ಬೇಕಾದರೂ ನೋಡಬಹುದು. 2022ರಲ್ಲಿ ಅಮೆರಿಕವು, ಎದುರಿನ ವಾಹನದತ್ತ ಹೋಗುವ ಕಿರಣಗಳನ್ನಷ್ಟೇ ತಾನಾಗಿ ಮಂದಗೊಳಿಸುವ ದೀಪಗಳಿಗೂ ಅನುಮತಿ ನೀಡಿದೆ.

ಮಂಜಿನ ವಿಷಯವಾಗಿಯೂ ಒಂದು ಮಾತು. ಹಳದಿ ಬೆಳಕು ಮಂಜನ್ನು ಸೀಳಿಕೊಂಡು ಹೋಗುತ್ತದೆ ಎಂಬ ನಂಬಿಕೆ ಶಿರಾಡಿ, ಚಾರ್ಮಾಡಿ ಘಟ್ಟಗಳ ಚಾಲಕರಲ್ಲೂ ಇದೆ, ಇಲ್ಲಿಯೂ ಇದೆ. ಮಂಜಿನ ಹನಿಗಳು ಬೆಳಕಿನ ತರಂಗಗಳಿಗಿಂತ ಬಹಳ ದೊಡ್ಡವಾದ್ದರಿಂದ ಎಲ್ಲ ಬಣ್ಣಗಳನ್ನೂ ಹೆಚ್ಚು ಕಡಿಮೆ ಒಂದೇ ಪ್ರಮಾಣದಲ್ಲಿ ಚೆದುರಿಸುತ್ತವೆ. ಹಳದಿಯಿಂದ ಸಿಗುವುದು ಕಣ್ಣಿಗೆ ಕೊಂಚ ಹಿತ, ಅಷ್ಟೇ. 1930ರ ದಶಕದ ಕೊನೆಯಿಂದ 1993ರವರೆಗೆ ಫ್ರಾನ್ಸ್ ದೇಶವು ತನ್ನ ಕಾರುಗಳಿಗೆ ಹಳದಿ ದೀಪವನ್ನೇ ಕಡ್ಡಾಯ ಮಾಡಿತ್ತು. ಬಳಿಕ ಯೂರೋಪಿನ ಇತರ ದೇಶಗಳಂತೆ ಬಿಳಿಯನ್ನು ಒಪ್ಪಿಕೊಂಡಿತು. ಮಂಜಿನಲ್ಲಿ ನೆರವಾಗುವುದು ಬಣ್ಣಕ್ಕಿಂತ ಹೆಚ್ಚಾಗಿ ತಗ್ಗಿನಲ್ಲಿ ಅಗಲವಾಗಿ ಹರಡುವ ಫಾಗ್ ಲೈಟು, ಮತ್ತು ನಿಧಾನ. ಹೈ ಬೀಮ್ ಹಾಕಿದರೆ ಮುಂದೆ ಬಿಳಿಯ ಗೋಡೆಯೊಂದೇ ಕಾಣುತ್ತದೆ.

ಕೊನೆಯದಾಗಿ, ದೀಪವು ನಮ್ಮದಾದರೂ ಅದರ ಬೆಳಕು ನಮ್ಮೊಬ್ಬರದೇ ಅಲ್ಲ. ನಮ್ಮ ನಾಡಿನ ಹಳೆಯ ಬಸ್ಸು ಲಾರಿಗಳ ಹೆಡ್‌ಲೈಟಿನ ಮೇಲ್ಭಾಗಕ್ಕೆ ಕಪ್ಪು ಬಣ್ಣ ಬಳಿಯುತ್ತಿದ್ದುದನ್ನು ಹಿರಿಯರು ಕಂಡಿರುತ್ತೀರಿ. ಎದುರಿನವನೂ ಮನೆ ಸೇರಬೇಕು ಎಂಬ ಒಂದು ಅಂಗುಲದ ಮರ್ಯಾದೆ ಅದು. ಇಂದು ಅಲ್ಲಿಯೂ ಬಿಳಿ ದೀಪಗಳ ಹಾವಳಿ ಎಷ್ಟಾಗಿದೆಯೆಂದರೆ, 2024ರ ಜುಲೈಯಲ್ಲಿ ಕರ್ನಾಟಕದ ಪೊಲೀಸರು ಕಣ್ಣು ಕೋರೈಸುವ ಎಲ್.ಇ.ಡಿ. ದೀಪಗಳ ಮೇಲೆ ವಿಶೇಷ ಕಾರ್ಯಾಚರಣೆಯನ್ನೇ ನಡೆಸಬೇಕಾಯಿತು. ಎದುರಿನ ಕಾರಿನಲ್ಲಿ ಕುಳಿತಿರುವುದು ಎಪ್ಪತ್ತರ ಕಣ್ಣಾಗಿರಬಹುದು, ಪೊರೆ ಬಂದ ಕಣ್ಣಾಗಿರಬಹುದು. ಅವರು ಕುರುಡಾಗಿ ಕಳೆಯುವ ಆ ಎರಡು ಮೂರು ಸೆಕೆಂಡುಗಳಲ್ಲಿ ಅವರ ಕಾರು ನಮ್ಮ ಕಡೆಗೇ ಬರುತ್ತಿರುತ್ತದೆ. ಎದುರಿನ ದೀಪ ಕುಕ್ಕಿದಾಗ ಅದನ್ನು ದಿಟ್ಟಿಸದೆ ರಸ್ತೆಯ ಬಲ ಅಂಚಿನ ಬಿಳಿ ಗೆರೆಯನ್ನು ನೋಡುತ್ತಾ ವೇಗ ತಗ್ಗಿಸಿರಿ. ಕೋಪದಿಂದ ಹೈ ಬೀಮ್ ಹಾಕಿ ಸೇಡು ತೀರಿಸಿಕೊಳ್ಳಬೇಡಿ.

ಈ ಕೂಟದ ಮುಂದೆ ಎರಡು ಬೇಡಿಕೆಗಳನ್ನಿಟ್ಟು ಮುಗಿಸುತ್ತೇವೆ. ನವೆಂಬರಿನಿಂದ ಫೆಬ್ರವರಿಯವರೆಗಿನ ಕಾರ್ಯಕ್ರಮಗಳನ್ನು ಸಮಿತಿಯವರು ಸಾಧ್ಯವಾದಷ್ಟು ಮಧ್ಯಾಹ್ನವೇ ಆರಂಭಿಸಲಿ. ಹಿರಿಯರು 'ಈ ಸಲ ಬರಲಾಗುವುದಿಲ್ಲ, ಸ್ವಲ್ಪ ಕೆಲಸವಿದೆ' ಎಂದಾಗ ಆ ಕೆಲಸದ ನಿಜವಾದ ಹೆಸರು ಕತ್ತಲೆ ಇರಬಹುದೆಂದು ತಿಳಿದು, ಹತ್ತಿರದ ಮನೆಯ ತರುಣರು 'ನಾವು ಬರುವಾಗ ಕರೆದುಕೊಂಡು ಬರುತ್ತೇವೆ ಅಂಕಲ್' ಎನ್ನಲಿ. ಹಿರಿಯರೂ ಸಂಕೋಚಪಡದೆ ಒಪ್ಪಿಕೊಳ್ಳಲಿ. ನೂರಾರು ಮೈಲಿಗಳ ನಡುವೆ ಚದುರಿ ಬಾಳುವ ನಮಗೆ ತಿಂಗಳಿಗೊಮ್ಮೆ ಕನ್ನಡ ಕೇಳುವ ಜಾಗ ಇದು. ಕತ್ತಲೆಯ ಅಂಜಿಕೆಯಿಂದ ಯಾರ ಕುರ್ಚಿಯೂ ಖಾಲಿಯಾಗದಿರಲಿ.

ಎಲ್ಲರೂ ಸುಖವಾಗಿ ಮನೆ ಸೇರಿರಿ.